ಒಂದು ಬಂಗುಡೆ, ಎರಡು ಬಿಸಿ

ಮಲ್ಪೆಯಲ್ಲಿ ಬೆಳಿಗ್ಗೆ ದೋಣಿಯಿಂದ ಇಳಿದ ಬಂಗುಡೆ ರಾತ್ರಿ ಕೆಂಡದ ಮೇಲೆ ಸುಟ್ಟು ತಟ್ಟೆಗೆ ಬಂದರೆ, ಪಕ್ಕದಲ್ಲಿ ಕುಚ್ಚಲಕ್ಕಿ ಗಂಜಿ ಇದ್ದರೆ ಸಾಕು. ಕೆಲಸ ಸುಲಭ ಅನ್ನಿಸುತ್ತದೆ, ಅಲ್ವಾ? ಆದರೂ ಚರ್ಮ ಜಾಲರಿಗೆ ಅಂಟಿ ಕಿತ್ತು ಬರುತ್ತದೆ, ಇಲ್ಲವೇ ಮಾಂಸ ಒಣಗಿ ನಾರಾಗುತ್ತದೆ. ಮೀನಿನ ಹೊರಗೆ ಬೇಕಾದ ಬಿಸಿಯೇ ಬೇರೆ, ಒಳಗೆ ಬೇಕಾದ ಬಿಸಿಯೇ ಬೇರೆ. ತೊಂದರೆ ಇರುವುದು ಅಲ್ಲಿ.

ಆಡು ಕುರಿಗಳು ತಮ್ಮ ಮೈಭಾರ ತಾವೇ ಹೊರಬೇಕು. ಹಾಗಾಗಿ ಅವುಗಳ ಮಾಂಸದಲ್ಲಿ ಕೊಲಾಜನ್, ಅಂದರೆ ಸ್ನಾಯುಗಳನ್ನು ಹಿಡಿದಿಡುವ ಪ್ರೋಟೀನು, ಜಾಸ್ತಿ, ಅದು ಗಟ್ಟಿ ಕೂಡ. ಕರಗಲು ಹೊತ್ತು ಹಿಡಿಯುತ್ತದೆ. ಮೀನಿನ ಭಾರವನ್ನು ನೀರೇ ಹೊರುತ್ತದೆ. ಅದರ ಸ್ನಾಯುಗಳು ಗಿಡ್ಡ, ಪದರ ಪದರ. ನಡುವೆ ಇರುವುದು ತೆಳ್ಳನೆಯ ಕೊಲಾಜನ್ ಹಾಳೆ, ಅಷ್ಟೇ. ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಅದು ಕರಗಿ ಪದರಗಳು ಬಿಡಿಸಿಕೊಳ್ಳುತ್ತವೆ. ಅಲ್ಲಿಂದ ತುಂಬಾ ಮೇಲೆ ಹೋದರೆ ಪ್ರೋಟೀನ್ ಮುದುಡಿ, ತನ್ನೊಳಗಿನ ನೀರನ್ನೆಲ್ಲ ಹಿಂಡಿಹಾಕುತ್ತದೆ. ಬಿಸಿ ಸ್ವಲ್ಪ ಹೆಚ್ಚಾದರೂ ಬಂಗುಡೆ ಕ್ಷಮಿಸುತ್ತದೆ. ಸದಾ ಈಜುತ್ತಲೇ ಇರುವುದರಿಂದ ಅದರ ಪಕ್ಕೆಯುದ್ದಕ್ಕೂ ಕೆಂಪು ಮಾಂಸದ ಪಟ್ಟಿ ಇದೆ. ಅದರಲ್ಲಿ ಎಣ್ಣೆಯಂಶ ಚೆನ್ನಾಗಿರುತ್ತದೆ.

ಹೊರಗಿನ ಕಥೆ ಬೇರೆ. ಚರ್ಮ ಕಂದಾಗಿ ಘಮ್ಮೆನ್ನಬೇಕಾದರೆ ಸುಮಾರು 140 ಡಿಗ್ರಿ ದಾಟಬೇಕು. ಪ್ರೋಟೀನಿನ ತುಣುಕುಗಳೂ ಸಕ್ಕರೆಯೂ ಸೇರಿ ನಡೆಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ಒದ್ದೆ ಚರ್ಮ ಆ ಬಿಸಿ ಮುಟ್ಟುವುದೇ ಇಲ್ಲ. ನೀರು ಪೂರ್ತಿ ಆವಿಯಾಗುವವರೆಗೆ ಅದು 100ರ ಹತ್ತಿರವೇ ನಿಂತಿರುತ್ತದೆ, ಅಷ್ಟರಲ್ಲಿ ಒಳಗಿನ ಮಾಂಸ ಬೆಂದು ಮುಗಿದಿರುತ್ತದೆ. ಅದಕ್ಕೇ ಮೊದಲು ಉಪ್ಪು ಸವರಿ ಒಂದಿಷ್ಟು ಹೊತ್ತು ಬಿಡಿ. ಮೇಲೆ ಬಂದ ನೀರನ್ನು ಬಟ್ಟೆಯಿಂದ ಒತ್ತಿ ಒರೆಸಿ. ಬ್ಯಾಡಗಿ ಮೆಣಸು, ಹುಣಸೆಹುಳಿ ಅರೆದ ದಪ್ಪ ಮಸಾಲೆ ತವಾಕ್ಕೇ ಸರಿ ಅನ್ನುವುದು ನನ್ನ ಪಕ್ಷಪಾತ. ಕೆಂಡದ ಮೇಲೆ ಅದು ಒಂದು ಕಡೆ ಹಸಿ, ಇನ್ನೊಂದು ಕಡೆ ಕರಕಲು.

ಅಂಟುವುದು ಯಾಕೆ? ಹಸಿ ಪ್ರೋಟೀನು ಬಿಸಿಯಾಗುತ್ತಾ ಬಿಚ್ಚಿಕೊಂಡು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಜಾಲರಿ ಮೊದಲೇ ಚೆನ್ನಾಗಿ ಕಾದು, ಎಣ್ಣೆ ಸವರಿದ್ದರೆ ಹಿಡಿತ ಸಡಿಲ. ಬಾಲದ ಕಡೆ ಸೌಟು ತೂರಿಸಿ ಮೆಲ್ಲಗೆ ಎತ್ತಿ ನೋಡಿ. ಎಳೆದ ಹಾಗಾದರೆ ಸುಮ್ನೆ ಬಿಡಿ. ಚರ್ಮ ಗರಿಗರಿಯಾದ ಮೇಲೆ ತಾನಾಗಿ ಬಿಡುತ್ತದೆ.

ಇನ್ನು ಪಕ್ಕೆಗೆ ಹಾಕುವ ಗೀರುಗಳು. ದಪ್ಪ ಎರಡು ಪಟ್ಟಾದರೆ ಬಿಸಿ ನಡುಭಾಗ ತಲುಪಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಹೊತ್ತು ಬೇಕು. ದೊಡ್ಡ ಅಂಜಲನ್ನು ತುಂಡು ಮಾಡುವುದು, ಬಂಗುಡೆಗೆ ಗೀರು ಹಾಕುವುದು, ಎರಡೂ ಈ ಲೆಕ್ಕವೇ. ಗೀರಿನೊಳಗೆ ಇಣುಕಿ ನೋಡಿ: ಮುಳ್ಳಿನ ಹತ್ತಿರ ಗಾಜಿನಂತಿದ್ದ ಮಾಂಸ ಮಸುಕಾಗಿ, ಮುಳ್ಳಿನಿಂದ ಬಿಡುತ್ತಿದ್ದರೆ ಇಳಿಸಿಬಿಡಿ. ಬೆಂಕಿಯಲ್ಲಿ ಜ್ವಾಲೆ ಇರಬಾರದು. ತೆಂಗಿನ ಕರಟ ಉರಿದು, ಕೆಂಡದ ಮೇಲೆ ಬಿಳಿ ಬೂದಿ ಕೂತ ಮೇಲೆಯೇ ಮೀನು.

ತಿನ್ನುವಾಗ ನಿಂಬೆ ಹಿಂಡುವುದು ರುಚಿಗೆ ಮಾತ್ರವಲ್ಲ. ಕಡಲಿನ ಉಪ್ಪನ್ನು ತಾಳಿಕೊಳ್ಳಲು ಮೀನು ತನ್ನ ಮೈಯಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತು ಇಟ್ಟುಕೊಂಡಿರುತ್ತದೆ. ಅದಕ್ಕೆ ವಾಸನೆ ಇಲ್ಲ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮೀಥೈಲಮೀನ್ ಮಾಡುತ್ತವೆ, ಅದೇ ಮೀನುವಾಸನೆ. ಹುಳಿ ಬಿದ್ದರೆ ಅದು ಗಾಳಿಗೆ ಹಾರಲಾರದ ರೂಪಕ್ಕೆ ತಿರುಗುತ್ತದೆ.

ಆದರೆ ನಿಂಬೆಯೂ ಬೆಂಕಿಯೂ ಸರಿಮಾಡಲಾಗದ ಒಂದು ಕೆಡುಕಿದೆ. ಬಂಗುಡೆಯಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಐಸ್ ಇಲ್ಲದೆ ಸೆಕೆಯಲ್ಲಿ ಇಟ್ಟರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ತಿಂದವರಿಗೆ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯಬಹುದು. ಸುಟ್ಟರೆ ಬ್ಯಾಕ್ಟೀರಿಯಾ ಸಾಯುತ್ತವೆ, ಹಿಸ್ಟಮಿನ್ ಹಾಗೇ ಉಳಿಯುತ್ತದೆ. ಹಾಗಾಗಿ ಮಾರುಕಟ್ಟೆಯಲ್ಲಿ ಬೇರೆಲ್ಲ ಸಾಮಾನು ಕೊಂಡು, ಮೀನನ್ನು ಕೊನೆಗೆ ಕೊಳ್ಳಿ. ಚೀಲದಲ್ಲಿ ಐಸ್ ಹಾಕಿಸಿಕೊಂಡು ನೇರ ಮನೆಗೆ ಬನ್ನಿ.