ಗಡಿಯಾರ ಮತ್ತು ಗೆರೆ ಹಾಕಿದ ಚೀಲ: ರಕ್ತಸ್ರಾವದ ಅಧ್ಯಯನಗಳ ಬಗ್ಗೆ ಹಳ್ಳಿ ಡಾಕ್ಟರುಗಳಿಗೊಂದು ಟಿಪ್ಪಣಿ

ಸಂಶೋಧನೆಯ ಪೇಪರ್ ಓದುವ ನಮ್ಮ ಗುಂಪು ಕಳೆದ ಸಲ ಕೂತಾಗ ನಾವು ಮೊದಲು ಪೇಪರ್ ತೆರೆಯಲಿಲ್ಲ. ಬಕೆಟ್ ನೀರಿಗೆ ಕುಂಕುಮ ಕಲಸಿದೆವು. ಅಳತೆ ಜಗ್ಗಿನಲ್ಲಿ ಸರಿಯಾಗಿ 500 ಎಂಎಲ್ ತೆಗೆದು, ಹಳೆ ಕಾಟನ್ ಸೀರೆಯ ತುಂಡಿನ ಮೇಲೆ ಒಂದಷ್ಟು, ಎರಡು ಪ್ಯಾಡ್ ಮೇಲೆ ಒಂದಷ್ಟು, ಉಳಿದದ್ದನ್ನು ನೆಲಕ್ಕೆ ಸುರಿದೆವು. ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಇದು ರಕ್ತ ಅಂದುಕೊಳ್ಳಿ, ಎಷ್ಟಿದೆ ಬರೆಯಿರಿ ಎಂದೆವು. ವರ್ಷಗಟ್ಟಲೆ ಹೆರಿಗೆ ಮಾಡಿಸಿದ ಸಿಸ್ಟರ್ 250 ಬರೆದರು. ಸುರಿದದ್ದನ್ನು ನೋಡಿರದ ಒಬ್ಬ ಡಾಕ್ಟರ್ 300 ಬರೆದರು. 500 ಮುಟ್ಟಿದವರು ಒಬ್ಬರೂ ಇಲ್ಲ. ಎಲ್ಲರೂ ಕಡಿಮೆಯೇ ಬರೆದಿದ್ದರು.

ಈ ಟಿಪ್ಪಣಿ ಅಲ್ಲಿಂದ ಶುರು. ತುರ್ತು ಚಿಕಿತ್ಸೆಯ ಹೊಸ ಸಂಶೋಧನೆ ಅಂದ ಕೂಡಲೇ ದೊಡ್ಡ ಯಂತ್ರ, ದುಬಾರಿ ಔಷಧ ಕಣ್ಣ ಮುಂದೆ ಬರುತ್ತದೆ. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ರಕ್ತಸ್ರಾವದ ಬಗ್ಗೆ ಬಂದ ದೊಡ್ಡ ಅಧ್ಯಯನಗಳು ಮಾತಾಡಿದ್ದು ನಮ್ಮ ಬೀರುವಿನಲ್ಲೇ ಇರುವ ವಸ್ತುಗಳ ಬಗ್ಗೆ. ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಔಷಧವನ್ನು (ನಾವು ಟ್ರಾನೆಕ್ಸಾ ಅನ್ನುತ್ತೇವೆ) ಯಾವಾಗ ಕೊಡಬೇಕು, ರಕ್ತವನ್ನು ಹೇಗೆ ಅಳೆಯಬೇಕು ಅನ್ನುವುದೇ ಅಲ್ಲಿನ ಪ್ರಶ್ನೆ. ಹಾಗಾಗಿ ಇದು ಪಿಎಚ್‌ಸಿ, ಸಿಎಚ್‌ಸಿಯಂಥ ಹಳ್ಳಿ ಕಡೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮಗೇ ಬರೆದ ಸಂಶೋಧನೆ ಎಂದು ನಾನು ನಂಬಿದ್ದೇನೆ.

ಟ್ರಾನೆಕ್ಸಾ ಮಾಡುವುದೇನು?

ಟ್ರಾನೆಕ್ಸಾಮಿಕ್ ಆಸಿಡ್ ಹೆಪ್ಪು ಕಟ್ಟಿಸುವ ಔಷಧ ಅಂತ ಬಹಳ ಜನ ಹೇಳುತ್ತಾರೆ. ಅದು ತಪ್ಪು. ಅದು ಹೊಸ ಹೆಪ್ಪು ಕಟ್ಟಿಸುವುದಿಲ್ಲ, ಕಟ್ಟಿದ ಹೆಪ್ಪನ್ನು ಕಾಯುತ್ತದೆ. ಗಾಯವಾದಾಗ ಫೈಬ್ರಿನ್ ಎಳೆಗಳು ಬಲೆಯಂತೆ ಹೆಣೆದುಕೊಂಡು ರಕ್ತ ನಿಲ್ಲಿಸುತ್ತವೆ. ಪ್ಲಾಸ್ಮಿನ್ ಅನ್ನುವ ಕಿಣ್ವ ಆ ಬಲೆಯನ್ನು ಕತ್ತರಿಸುತ್ತದೆ. ಪ್ಲಾಸ್ಮಿನ್‌ನ ಮೂಲರೂಪ ಪ್ಲಾಸ್ಮಿನೋಜೆನ್. ಬಲೆಗೆ ಅಂಟಿಕೊಳ್ಳಲು ಅದರ ಮೈಮೇಲಿರುವ ಜಾಗದಲ್ಲಿ ಟ್ರಾನೆಕ್ಸಾ ಮೊದಲೇ ಹೋಗಿ ಕೂತುಬಿಡುತ್ತದೆ. ಅಂಟಲು ಆಗದ ಮೇಲೆ ಕತ್ತರಿಸುವ ಕೆಲಸವೂ ನಿಧಾನವಾಗುತ್ತದೆ.

ಇಷ್ಟು ಅರ್ಥವಾದರೆ ಮುಂದಿನ ಅರ್ಧ ಪಾಠ ಬಂದ ಹಾಗೆ. ಹೊಲದ ಒಡ್ಡು ಗಟ್ಟಿ ಇರುವಾಗ ಕಾವಲು ಹಾಕಿದರೆ ಉಪಯೋಗ. ಒಡ್ಡು ಕೊಚ್ಚಿಹೋದ ಮೇಲೆ ಕಾವಲಿಗೆ ಯಾರನ್ನು ನಿಲ್ಲಿಸಿ ಏನು ಬಂತು?

ಈ ಔಷಧ ಹುಟ್ಟಿದ್ದು ಜಪಾನಿನಲ್ಲಿ. ಉಟಾಕೊ ಒಕಮೊಟೊ ಮತ್ತು ಅವರ ಗಂಡ ಶೊಸುಕೆ ಒಕಮೊಟೊ 1962ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಉಟಾಕೊ ಅವರ ಮನಸ್ಸಿನಲ್ಲಿದ್ದದ್ದು ಹೆರಿಗೆಯಾದ ಮೇಲೆ ರಕ್ತ ಹೋಗಿ ಸಾಯುವ ಹೆಂಗಸರು. ಆದರೆ ಅದನ್ನು ಪರೀಕ್ಷಿಸಲು ಅಲ್ಲಿನ ಹೆರಿಗೆ ಡಾಕ್ಟರುಗಳನ್ನು ಒಪ್ಪಿಸಲು ಅವರಿಗೆ ಆಗಲಿಲ್ಲ. ಆ ಪ್ರಶ್ನೆಗೆ ದೊಡ್ಡ ಅಧ್ಯಯನದ ಉತ್ತರ ಬಂದದ್ದು 2017ರಲ್ಲಿ. ಅವರು ತೀರಿಕೊಂಡದ್ದು 2016ರಲ್ಲಿ, 98ನೇ ವಯಸ್ಸಿಗೆ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮೂರು ಗಂಟೆಯ ಗಡಿ ಎಲ್ಲಿಂದ ಬಂತು

2010ರ ಕ್ರ್ಯಾಶ್-2 ಅಧ್ಯಯನ ನೋಡೋಣ. 40 ದೇಶಗಳ 274 ಆಸ್ಪತ್ರೆ, 20,211 ಗಾಯಾಳುಗಳು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಗಾಯವಾಗಿ ಎಂಟು ಗಂಟೆಯೊಳಗೆ ಬಂದವರಲ್ಲಿ ಅರ್ಧ ಜನಕ್ಕೆ ಟ್ರಾನೆಕ್ಸಾ, ಉಳಿದವರಿಗೆ ಪ್ಲಸೀಬೊ, ಅಂದರೆ ಔಷಧವಿಲ್ಲದ ಹುಸಿ ಇಂಜೆಕ್ಷನ್. ಸಾವು 16.0 ಶೇಕಡದಿಂದ 14.5ಕ್ಕೆ ಇಳಿಯಿತು. ಒಂದೂವರೆ ಶೇಕಡ ಅಷ್ಟೇನಾ ಅನ್ನಿಸಬಹುದು. ಲೆಕ್ಕ ಹಾಕಿ: 100ನ್ನು 1.5ರಿಂದ ಭಾಗಿಸಿದರೆ ಸುಮಾರು 67. ಅಂದರೆ 67 ಗಾಯಾಳುಗಳಿಗೆ ಕೊಟ್ಟರೆ ಒಂದು ಜೀವ ಹೆಚ್ಚಿಗೆ ಉಳಿಯುತ್ತದೆ. ಇಷ್ಟು ಅಗ್ಗದ ಔಷಧಕ್ಕೆ ಇದು ಬಹಳ ದೊಡ್ಡ ಫಲ.

ನಿಜವಾದ ವಿಷಯ ಮರುವರ್ಷ ಬಂತು. ಅದೇ ರೋಗಿಗಳನ್ನು ಔಷಧ ಸಿಕ್ಕ ಸಮಯದ ಪ್ರಕಾರ ಬೇರೆ ಬೇರೆ ಮಾಡಿ, ರಕ್ತಸ್ರಾವದಿಂದ ಸತ್ತವರನ್ನು ಮಾತ್ರ ಎಣಿಸಿದರು. ಒಂದು ಗಂಟೆಯೊಳಗೆ ಸಿಕ್ಕವರಲ್ಲಿ ಸಾವು 7.7ರಿಂದ 5.3 ಶೇಕಡಕ್ಕೆ ಇಳಿದಿತ್ತು. ಒಂದರಿಂದ ಮೂರು ಗಂಟೆಯಲ್ಲಿ 6.1ರಿಂದ 4.8ಕ್ಕೆ. ಮೂರು ಗಂಟೆ ದಾಟಿದವರಲ್ಲಿ ಲೆಕ್ಕ ತಿರುಗಿಬಿತ್ತು: ಪ್ಲಸೀಬೊ ಗುಂಪಿನಲ್ಲಿ 3.1, ಟ್ರಾನೆಕ್ಸಾ ಗುಂಪಿನಲ್ಲಿ 4.4. ಅಂದರೆ ತಡವಾಗಿ ಕೊಟ್ಟರೆ ಹಾನಿ. "ಕೊಟ್ಟು ನೋಡೋಣ, ತೊಂದರೆ ಏನಿಲ್ಲ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

2018ರಲ್ಲಿ ಗಾಯಾಳುಗಳು ಮತ್ತು ಬಾಣಂತಿಯರು ಸೇರಿ 40,138 ಜನರ ಲೆಕ್ಕ ಒಟ್ಟಿಗೆ ನೋಡಿದರು. ಪ್ರತಿ 15 ನಿಮಿಷ ತಡವಾದಂತೆ ಔಷಧದ ಲಾಭ ಸುಮಾರು 10 ಶೇಕಡ ಕರಗುತ್ತದೆ, ಮೂರು ಗಂಟೆಯ ಹೊತ್ತಿಗೆ ಏನೂ ಉಳಿಯುವುದಿಲ್ಲ ಎಂದು ಕಂಡಿತು. ಈಗ ನಿಮ್ಮ ಊರಿನ ರಸ್ತೆ ನೆನಪಿಸಿಕೊಳ್ಳಿ. ಟ್ರ್ಯಾಕ್ಟರ್ ಮಗುಚಿದ ಜಾಗದಿಂದ ಪಿಎಚ್‌ಸಿಗೆ ಅರ್ಧ ಗಂಟೆ. 108 ಬಂದು ಜಿಲ್ಲಾಸ್ಪತ್ರೆ ತಲುಪಲು ಇನ್ನೂ ಒಂದೂವರೆ ಗಂಟೆ. "ಅಲ್ಲಿ ಹೋದ ಮೇಲೆ ಕೊಡ್ತಾರೆ ಬಿಡಿ" ಎಂದು ಕಳಿಸಿದರೆ ಲಾಭದ ಬಹುಪಾಲು ದಾರಿಯಲ್ಲೇ ಹೋಗುತ್ತದೆ. ಮೊದಲ ಡೋಸ್ ಕೊಡುವ ಜಾಗ ನಮ್ಮದೇ.

ಕೊಡುವ ಕ್ರಮ ಸರಳ. ನಮ್ಮಲ್ಲಿ ಸಾಮಾನ್ಯವಾಗಿ ಬರುವುದು 5 ಎಂಎಲ್‌ನಲ್ಲಿ 500 ಎಂಜಿ ಇರುವ ಆಂಪೂಲ್. ಎರಡು ಒಡೆದರೆ 10 ಎಂಎಲ್, ಒಂದು ಗ್ರಾಂ. ಹತ್ತು ನಿಮಿಷ ಹಿಡಿದು ನಿಧಾನವಾಗಿ ರಕ್ತನಾಳಕ್ಕೆ. ನಿಮಿಷಕ್ಕೆ ಒಂದು ಎಂಎಲ್ ಅಂತ ಲೆಕ್ಕ ಇಟ್ಟುಕೊಂಡರೆ ಸಿರಿಂಜ್ ಮೇಲಿನ ಗೆರೆಯೂ ಗೋಡೆ ಗಡಿಯಾರವೂ ಜೊತೆಗೇ ಓಡುತ್ತವೆ. ಸರ್ರನೆ ತಳ್ಳಿದರೆ ಬಿಪಿ ಇಳಿಯುತ್ತದೆ. ಗಾಯಾಳುಗಳಿಗೆ ಇದಾದ ಮೇಲೆ ಎಂಟು ಗಂಟೆಯಲ್ಲಿ ಇನ್ನೊಂದು ಗ್ರಾಂ ಹೋಗಬೇಕು. ಅದನ್ನು ದೊಡ್ಡ ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ.

ಸಿಸೇರಿಯನ್ ಆಗುವ ಕಡೆ ಇರುವವರು ಒಂದು ವಿಷಯ ಮರೆಯಬೇಡಿ. ಬೆನ್ನಿಗೆ ಕೊಡುವ ಅನಸ್ತೇಸಿಯಾ ಔಷಧದ ಆಂಪೂಲ್ ಇದನ್ನು ಹೋಲುವುದುಂಟು. ಟ್ರಾನೆಕ್ಸಾ ತಪ್ಪಿ ಬೆನ್ನುಹುರಿಯ ಸುತ್ತಲ ದ್ರವಕ್ಕೆ ಹೋದರೆ ಫಿಟ್ಸ್ ಬರುತ್ತದೆ, ಸಾವೂ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದಕ್ಕೆಂದೇ ಎಚ್ಚರಿಕೆ ಕೊಟ್ಟಿತು. ಎರಡನ್ನೂ ಒಂದೇ ಟ್ರೇಯಲ್ಲಿ ಇಡಬೇಡಿ.

ತಲೆಗೆ ಪೆಟ್ಟಾದಾಗ

2019ರ ಕ್ರ್ಯಾಶ್-3 ಬಗ್ಗೆ ನಮ್ಮ ಗುಂಪಿನಲ್ಲಿ ಜಾಸ್ತಿ ಚರ್ಚೆಯಾಯಿತು. ಒಟ್ಟು 12,737 ಜನ. ಮೂರು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ತಲೆಪೆಟ್ಟಿನ ಸಾವು 19.8ರಿಂದ 18.5 ಶೇಕಡಕ್ಕೆ ಇಳಿದಂತೆ ಕಂಡರೂ, ಅದು ಆಕಸ್ಮಿಕ ಅಲ್ಲ ಎನ್ನುವಷ್ಟು ಗಟ್ಟಿ ಇರಲಿಲ್ಲ. ಪೆಟ್ಟು ಸಾಧಾರಣವಾಗಿದ್ದವರಲ್ಲಿ, ಅಂದರೆ ಎಚ್ಚರದ ಮಟ್ಟ ಅಳೆಯುವ ಜಿಸಿಎಸ್ ಅಂಕ (ಪೂರ್ತಿ ಎಚ್ಚರಕ್ಕೆ 15) 9ರಿಂದ 15 ಇದ್ದವರಲ್ಲಿ, 7.5ರಿಂದ 5.8ಕ್ಕೆ ಇಳಿದದ್ದು ಗಟ್ಟಿ ಫಲ. ತೀವ್ರ ಪೆಟ್ಟಿನವರಲ್ಲಿ ಲಾಭ ಸ್ಪಷ್ಟವಾಗಿ ಕಾಣಲಿಲ್ಲ.

ಇಲ್ಲಿ ಒಂದು ಸಣ್ಣ ಅಕ್ಷರದ ಮಾತಿದೆ. ಅಧ್ಯಯನಕ್ಕೆ ಸೇರಲು ಜಿಸಿಎಸ್ 12 ಅಥವಾ ಕಡಿಮೆ ಇರಬೇಕಿತ್ತು. ಇಲ್ಲವಾದರೆ ಸಿಟಿ ಸ್ಕ್ಯಾನಿನಲ್ಲಿ ತಲೆಯೊಳಗೆ ರಕ್ತ ಕಂಡಿರಬೇಕಿತ್ತು. ಅಂದರೆ 13ರಿಂದ 15 ಇದ್ದವರೆಲ್ಲ ಸ್ಕ್ಯಾನ್ ಆಗಿ ಬಂದವರೇ. ನಮ್ಮಲ್ಲಿ ಸ್ಕ್ಯಾನ್ ಎಲ್ಲಿದೆ? ಹಾಗಾಗಿ ಬೈಕಿನಿಂದ ಬಿದ್ದು, ಪೂರ್ತಿ ಎಚ್ಚರವಿದ್ದು, ಸುಮ್ನೆ ತಲೆನೋವು ಅನ್ನುವವರಿಗೆಲ್ಲ ಇದನ್ನು ಕೊಡಿ ಎಂದು ಕ್ರ್ಯಾಶ್-3 ಹೇಳುವುದಿಲ್ಲ. ಸ್ಕ್ಯಾನ್ ಇಲ್ಲದ ಕಡೆ ಇದು ನೇರವಾಗಿ ಹೊಂದುವುದು 9ರಿಂದ 12 ಇರುವವರಿಗೆ. ಯಾವ ಪೇಪರ್ ಓದಿದರೂ ರೋಗಿಗಳನ್ನು ಹೇಗೆ ಆರಿಸಿದರು ಅನ್ನುವ ಭಾಗವನ್ನು ಮೊದಲು ಓದಿ. ಅಲ್ಲಿ ನಿಮ್ಮ ರೋಗಿ ಇದ್ದಾರಾ ನೋಡಿ.

ರಕ್ತ ವಾಂತಿಗೆ ಬೇಡ

ರಕ್ತ ಎಲ್ಲಿ ಕಂಡರೂ ಟ್ರಾನೆಕ್ಸಾ ಅನ್ನುವ ಅಭ್ಯಾಸ ನಮ್ಮಲ್ಲಿದೆ. 2020ರ ಹಾಲ್ಟ್-ಇಟ್ ಅಧ್ಯಯನ 12,009 ಜನರಲ್ಲಿ, ಹೊಟ್ಟೆ ಮತ್ತು ಕರುಳಿನ ರಕ್ತಸ್ರಾವಕ್ಕೆ ಇದನ್ನು ಕೊಟ್ಟು ನೋಡಿತು. ರಕ್ತಸ್ರಾವದ ಸಾವು 3.7 ಮತ್ತು 3.8 ಶೇಕಡ, ವ್ಯತ್ಯಾಸವೇ ಇಲ್ಲ. ಬದಲಿಗೆ ಕಾಲು, ಶ್ವಾಸಕೋಶದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದು 0.4ರಿಂದ 0.8ಕ್ಕೆ ಏರಿತು. ಫಿಟ್ಸ್ ಕೂಡ ಸ್ವಲ್ಪ ಹೆಚ್ಚಿತು. ಅಲ್ಲಿ 24 ಗಂಟೆಯಲ್ಲಿ ನಾಲ್ಕು ಗ್ರಾಂ ಕೊಟ್ಟಿದ್ದರು ಅನ್ನುವುದೂ ನೆನಪಿರಲಿ. ಏನೇ ಆದರೂ ರಕ್ತ ವಾಂತಿಗೆ ಈ ಔಷಧ ಬೇಡ.

ಹೆರಿಗೆ ಕೋಣೆ

ಈಗ ಕುಂಕುಮದ ನೀರಿಗೆ ವಾಪಸ್ ಬರೋಣ.

2017ರ ವುಮನ್ ಅಧ್ಯಯನದಲ್ಲಿ ಅತಿ ರಕ್ತಸ್ರಾವವಾದ 20,060 ಬಾಣಂತಿಯರಿದ್ದರು. ರಕ್ತಸ್ರಾವದ ಸಾವು 1.9ರಿಂದ 1.5 ಶೇಕಡಕ್ಕೆ ಇಳಿಯಿತು. ಮೂರು ಗಂಟೆಯೊಳಗೆ ಕೊಟ್ಟವರಲ್ಲಿ 1.7ರಿಂದ 1.2ಕ್ಕೆ. ಡೋಸ್ ಅದೇ ಒಂದು ಗ್ರಾಂ. ಅರ್ಧ ಗಂಟೆಯಾದರೂ ರಕ್ತ ನಿಲ್ಲದಿದ್ದರೆ, ಅಥವಾ ನಿಂತು 24 ಗಂಟೆಯೊಳಗೆ ಮತ್ತೆ ಶುರುವಾದರೆ, ಇನ್ನೊಂದು ಗ್ರಾಂ. ರಕ್ತಹೀನತೆ ಇರುವವರಿಗೆ ಮೊದಲೇ ಕೊಟ್ಟುಬಿಟ್ಟರೆ ಹೇಗೆ ಅನ್ನುವ ಪ್ರಶ್ನೆಯೂ ಎದ್ದಿತು. 2023ರ ವುಮನ್-2 ಅದಕ್ಕೆ ಉತ್ತರ ಕೊಟ್ಟಿತು. 15,068 ಹೆಂಗಸರಲ್ಲಿ ಟ್ರಾನೆಕ್ಸಾ ಪಡೆದವರಿಗೆ 7.0 ಶೇಕಡ, ಪಡೆಯದವರಿಗೆ 6.6 ಶೇಕಡ ಅತಿ ರಕ್ತಸ್ರಾವವಾಯಿತು. ಮೊದಲೇ ಕೊಟ್ಟು ಪ್ರಯೋಜನವಿಲ್ಲ. ಶುರುವಾದದ್ದನ್ನು ಬೇಗ ಗುರುತಿಸಿ ಕೊಡಬೇಕು.

ಬೇಗ ಗುರುತಿಸುವುದೇ ಕಷ್ಟ, ಅಲ್ವಾ? ಇಲ್ಲಿ ನಮ್ಮ ಬೆಳಗಾವಿಯ ಕೆಲಸ ಬರುತ್ತದೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ವಿದೇಶದ ಸಂಶೋಧಕರ ಜೊತೆ ಸೇರಿ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಫಲಿತಾಂಶ 2006ರಲ್ಲಿ ಬಂತು. 1,620 ಹೆಂಗಸರು, ಹೆರಿಗೆ ಮಾಡಿಸಿದ್ದು ಹಳ್ಳಿಯ ಆರೋಗ್ಯ ಸಹಾಯಕಿಯರಾದ ಎಎನ್‌ಎಂಗಳು. ಗರ್ಭಕೋಶ ಕುಗ್ಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದವರಲ್ಲಿ ಅತಿ ರಕ್ತಸ್ರಾವ 12.0ರಿಂದ 6.4 ಶೇಕಡಕ್ಕೆ ಇಳಿಯಿತು. ಆ ಕೆಲಸಕ್ಕಾಗಿ ರಕ್ತ ಅಳೆಯಲು ಒಂದು ಪ್ಲಾಸ್ಟಿಕ್ ಹಾಳೆ ಮಾಡಿಕೊಂಡರು. ಬಾಣಂತಿಯ ಸೊಂಟದ ಕೆಳಗೆ ಹಾಸುವ ಹಾಳೆ, ಅದರ ತುದಿಯಲ್ಲಿ ಅಳತೆ ಗೆರೆಗಳಿರುವ ಚೀಲ. ಬ್ರಾಸ್-ವಿ ಎಂದು ಅದರ ಹೆಸರು. ಕಣ್ಣಂದಾಜಿಗೂ ಈ ಚೀಲಕ್ಕೂ ಹೋಲಿಸಿದಾಗ ಕಣ್ಣಂದಾಜು 33 ಶೇಕಡ ಕಡಿಮೆ ಬಂತು. ನಮ್ಮ ಸೀರೆ ತುಂಡಿನ ಮುಂದೆ ಎಲ್ಲರೂ ಮಾಡಿದ ತಪ್ಪು ಅದೇ.

2023ರ ಇ-ಮೋಟಿವ್ ಅಧ್ಯಯನ ಇಂಥದೇ ಚೀಲವನ್ನು ನಡುವೆ ಇಟ್ಟುಕೊಂಡಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ತಾಂಜಾನಿಯಾದ 80 ಆಸ್ಪತ್ರೆ, 2,10,132 ಹೆರಿಗೆ. ಅರ್ಧ ಆಸ್ಪತ್ರೆಗಳಿಗೆ ಗೆರೆ ಇರುವ ಚೀಲ, ಜೊತೆಗೆ ರಕ್ತ ಗೆರೆ ಮುಟ್ಟಿದ ಕೂಡಲೇ ಮಾಡಬೇಕಾದ ಕೆಲಸಗಳ ತರಬೇತಿ. ಉಳಿದ ಅರ್ಧಕ್ಕೆ ಗೆರೆ ಇಲ್ಲದ ಚೀಲ, ರಕ್ತವನ್ನು ಆಮೇಲೆ ತೂಕ ಮಾಡಿದರು. ನಿಜವಾಗಿ ಅತಿ ರಕ್ತಸ್ರಾವವಾದ ಹೆಂಗಸರಲ್ಲಿ ಗೆರೆ ಇಲ್ಲದ ಕಡೆ ಸಿಬ್ಬಂದಿ ಅದನ್ನು ಗುರುತಿಸಿದ್ದು 51.1 ಶೇಕಡ ಜನರಲ್ಲಿ, ಗೆರೆ ಇದ್ದ ಕಡೆ 93.1. ಒಂದು ಲೀಟರ್ ದಾಟಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಆಪರೇಷನ್, ಅದರಿಂದ ಸಾವು, ಈ ಮೂರರಲ್ಲಿ ಯಾವುದಾದರೂ ಆದವರು 4.3ರಿಂದ 1.6 ಶೇಕಡಕ್ಕೆ ಇಳಿದರು. ಇಷ್ಟು ದೊಡ್ಡ ಇಳಿತವನ್ನು ನಾನು ಈ ವಿಷಯದ ಬೇರೆ ಯಾವ ಪೇಪರಿನಲ್ಲೂ ಓದಿಲ್ಲ. ಬರೀ ಸಾವುಗಳನ್ನು ಪ್ರತ್ಯೇಕ ನೋಡಿದರೆ ಸಂಖ್ಯೆ ಚಿಕ್ಕದು, ಅದರ ಮೇಲೆ ಖಚಿತವಾಗಿ ಹೇಳಲಾಗದು ಅನ್ನುವುದನ್ನೂ ಬರೆದುಕೊಳ್ಳಿ.

ಕೆಲಸಗಳು ಹೊಸವಲ್ಲ. ಗರ್ಭಕೋಶ ಗಟ್ಟಿಯಾಗುವಂತೆ ಹೊಟ್ಟೆಯ ಮೇಲಿಂದ ಉಜ್ಜುವುದು, ಗರ್ಭಕೋಶ ಕುಗ್ಗಿಸುವ ಔಷಧ ಆಕ್ಸಿಟೋಸಿನ್, ಟ್ರಾನೆಕ್ಸಾ, ಡ್ರಿಪ್, ಹರಿದಿದೆಯಾ ಮತ್ತು ಮಾಸು ಪೂರ್ತಿ ಬಂದಿದೆಯಾ ಎಂದು ನೋಡುವುದು, ನಿಲ್ಲದಿದ್ದರೆ ಮೇಲಿನವರನ್ನು ಕರೆಯುವುದು. ನಾವು ಒಂದು ಮಾಡಿ, ಕಾದು, ಇನ್ನೊಂದು ಮಾಡುತ್ತೇವೆ. ಅವರು ಎಲ್ಲವನ್ನೂ ಒಟ್ಟಿಗೆ, ಕಾಯದೆ ಮಾಡಿದರು. ಹಾಗೆ ಪೂರ್ತಿ ಚಿಕಿತ್ಸೆ ಸಿಕ್ಕವರು 19.4 ಶೇಕಡದಿಂದ 91.2ಕ್ಕೆ ಏರಿದರು.

2025ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಮಾರ್ಗಸೂಚಿ ಬಂತು. ಸಹಜ ಹೆರಿಗೆಯಲ್ಲಿ, ಅತಿ ರಕ್ತಸ್ರಾವ ಅನ್ನಲು ಮೊದಲಿನಿಂದ ಇದ್ದ ಗೆರೆಯಾದ 500 ಎಂಎಲ್ ತನಕ ಕಾಯಬೇಕಿಲ್ಲ. 300 ಎಂಎಲ್ ಆಗಿ, ನಾಡಿ ಅಥವಾ ಬಿಪಿ ಕೆಟ್ಟಿದ್ದರೂ ಚಿಕಿತ್ಸೆ ಶುರು ಮಾಡಬೇಕು. ರಕ್ತಹೀನತೆ ಜಾಸ್ತಿ ಇರುವ ನಮ್ಮ ಹೆಂಗಸರಿಗೆ ಈ 300ರ ಗೆರೆ ಬಹಳ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಚೀಲ ಹಾಸುವಾಗ ಒಂದು ಜಾಗ್ರತೆ: ಮಗು ಹುಟ್ಟಿ, ನೀರೆಲ್ಲ ಹರಿದುಹೋದ ಮೇಲೆ ಹಾಸಿ. ಇಲ್ಲದಿದ್ದರೆ ನೀರೂ ರಕ್ತವೂ ಬೆರೆತು ಅಳತೆ ಕೆಡುತ್ತದೆ.

ಕೈಗೆ ನಾಳವೇ ಸಿಗದಿದ್ದರೆ ಟ್ರಾನೆಕ್ಸಾವನ್ನು ಸ್ನಾಯುವಿಗೆ ಕೊಡಬಹುದಾ ಎಂದು ಒಬ್ಬ ತಂಗಿ ಕೇಳಿದಳು. 2021ರಲ್ಲಿ 30 ಗಾಯಾಳುಗಳ ಮೇಲೆ ನಡೆದ ಸಣ್ಣ ಅಧ್ಯಯನದಲ್ಲಿ, ಸ್ನಾಯುವಿಗೆ ಕೊಟ್ಟ ಔಷಧ ಕೆಲವೇ ನಿಮಿಷದಲ್ಲಿ ರಕ್ತದಲ್ಲಿ ಸಾಕಷ್ಟು ಮಟ್ಟ ಮುಟ್ಟಿತು. ಅಲ್ಲಿ ಅಳೆದದ್ದು ರಕ್ತದಲ್ಲಿನ ಮಟ್ಟ, ಜೀವ ಉಳಿಯಿತಾ ಅನ್ನುವುದನ್ನಲ್ಲ. ಸದ್ಯಕ್ಕೆ ರಕ್ತನಾಳವೇ ಮೊದಲ ದಾರಿ.

ಕಳಿಸುವ ಚೀಟಿಯಲ್ಲಿ ನಾವೀಗ ಎರಡು ಸಮಯ ಬರೆಯುತ್ತೇವೆ. ರಕ್ತ ಶುರುವಾದದ್ದು ಎಷ್ಟು ಗಂಟೆಗೆ, ಟ್ರಾನೆಕ್ಸಾ ಹೋದದ್ದು ಎಷ್ಟು ಗಂಟೆಗೆ. ಅದೇ ಎರಡನ್ನು ರೋಗಿಯ ಕೈಗೆ ಅಂಟಿಸಿದ ಪ್ಲಾಸ್ಟರ್ ಪಟ್ಟಿಯ ಮೇಲೂ ಪೆನ್ನಿನಲ್ಲಿ ಬರೆಯುತ್ತೇವೆ. ಚೀಟಿ ಗಾಡಿ ಬದಲಾಯಿಸುವಾಗ ಎಲ್ಲೋ ಬಿದ್ದುಹೋಗುತ್ತದೆ, ಪ್ಲಾಸ್ಟರ್ ರೋಗಿಯ ಜೊತೆಗೇ ಹೋಗುತ್ತದೆ.