ಪಟ್ಟಿಯನ್ನು ಮಾನಿಟರ್‌ನಿಂದ ಶುರು ಮಾಡಿ

ಹೋದ ತಿಂಗಳು ಪಾಂಡವಪುರದ ಕಡೆಯ ಹುಡುಗನೊಬ್ಬ ಅಪ್ಪನ ಜೊತೆ ನಮ್ಮ ಅಂಗಡಿಗೆ ಬಂದಿದ್ದ. ಮೈಸೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಅದರಲ್ಲಿ ಗೇಮಿಂಗ್ ಪಿಸಿಗೆ ಬೇಕಾದ ಪಾರ್ಟುಗಳ ಪಟ್ಟಿ. ಮಾನಿಟರ್ ಬಿಟ್ಟು 60,000 ರೂಪಾಯಿ ಬಜೆಟ್. ಮೊದಲ ಸಾಲಿನಲ್ಲೇ ಐ7 ಪ್ರೊಸೆಸರ್, ಆಮೇಲೆ 32 ಜಿಬಿ ರ‍್ಯಾಮ್, ಆಮೇಲೆ ಬಣ್ಣದ ದೀಪದ ಆರು ಫ್ಯಾನ್ ಇರುವ ಗಾಜಿನ ಕ್ಯಾಬಿನೆಟ್. ಅಷ್ಟು ಹೊತ್ತಿಗೆ ದುಡ್ಡು ಹೆಚ್ಚು ಕಡಿಮೆ ಮುಗಿದಿತ್ತು. ಉಳಿದಿದ್ದರಲ್ಲಿ 4 ಜಿಬಿಯ ಒಂದು ಗ್ರಾಫಿಕ್ಸ್ ಕಾರ್ಡ್, ಮತ್ತೆ ಪಿಸಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್ ಮುಂದೆ 'ಕ್ಯಾಬಿನೆಟ್ ಜೊತೆ ಫ್ರೀ' ಎಂದು ಬರೆದುಕೊಂಡಿದ್ದ.

"ಮಾನಿಟರ್ ಯಾವ್ದು ತಗೋತೀಯಪ್ಪ?" ಎಂದು ಕೇಳಿದೆ.

"ಅದಿನ್ನೂ ನೋಡಿಲ್ಲ ಸಾರ್. ಕೊನೇಲಿ ಯಾವ್ದಾದ್ರೂ ತಗೊಳ್ಳೋಣ ಅಂತ."

ನನ್ನ ಬಳಿ ಬರುವ ಹತ್ತು ಪಟ್ಟಿಯಲ್ಲಿ ಏಳೆಂಟು ಹೀಗೇ ಇರುತ್ತವೆ. ಹುಡುಗರು ಮೇಲಿನಿಂದ ಕೆಳಗೆ ಬರೆಯುತ್ತಾರೆ, ಮೊದಲು ಪ್ರೊಸೆಸರ್, ಕೊನೆಗೆ ಮಾನಿಟರ್. ನಾನು ಅದನ್ನು ತಿರುಗಿಸಿ ಬರೆಸುತ್ತೇನೆ. ನೀವು ಕೊನೆಗೆ ನೋಡುವುದು ಪರದೆಯನ್ನು ತಾನೇ? ಆ ಪರದೆಗೆ ಎಷ್ಟು ಚಿತ್ರ ಬೇಕು, ಎಷ್ಟು ದೊಡ್ಡ ಚಿತ್ರ ಬೇಕು ಎನ್ನುವುದು ಗೊತ್ತಾದ ಮೇಲೆ ತಾನೇ ಅದನ್ನು ಬಿಡಿಸುವ ಕಾರ್ಡ್ ಯಾವುದು, ಆ ಕಾರ್ಡಿಗೆ ಕೆಲಸ ಒದಗಿಸುವ ಪ್ರೊಸೆಸರ್ ಯಾವುದು ಎಂದು ಹೇಳಲು ಬರುವುದು!

ಸ್ವಲ್ಪ ಲೆಕ್ಕ ನೋಡಿ. 1080ಪಿ ಮಾನಿಟರ್ ಎಂದರೆ 1920 × 1080, ಒಂದು ಚಿತ್ರಕ್ಕೆ ಸುಮಾರು 20.7 ಲಕ್ಷ ಚುಕ್ಕೆ. 1440ಪಿ ಆದರೆ 36.9 ಲಕ್ಷ. 4ಕೆ ಆದರೆ 82.9 ಲಕ್ಷ, ಅಂದರೆ 1080ಪಿಯ ಸರಿಯಾಗಿ ನಾಲ್ಕು ಪಟ್ಟು. ಈ ಚುಕ್ಕೆ ತುಂಬುವ ಕೆಲಸ ಪೂರ್ತಿ ಗ್ರಾಫಿಕ್ಸ್ ಕಾರ್ಡಿನದು. ಹಾಗೆಯೇ 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಮಾನಿಟರ್ ಇದ್ದರೆ ಒಂದೊಂದು ಚಿತ್ರಕ್ಕೆ 16.7 ಮಿಲಿಸೆಕೆಂಡ್ ಸಮಯ ಸಿಗುತ್ತದೆ. 144 ಹರ್ಟ್ಜ್‌ಗೆ ಪೂರ್ತಿ ಕೊಡಬೇಕಾದರೆ 6.9 ಮಿಲಿಸೆಕೆಂಡ್ ಒಳಗೆ ಎಲ್ಲಾ ಮುಗಿಯಬೇಕು, ಆಗ ಪ್ರೊಸೆಸರ್ ಮೇಲೂ ಒತ್ತಡ ಬೀಳುತ್ತದೆ. 60,000ದ ಪಿಸಿಗೆ 1080ಪಿ, 144 ಅಥವಾ 165 ಹರ್ಟ್ಜ್ ಮಾನಿಟರ್ ಸಾಕು, ಜಾಸ್ತಿ ಆಸೆ ಬೇಡ. 4ಕೆ ಮಾನಿಟರ್ ಕೊಂಡು ಅದರಲ್ಲಿ ಗೇಮ್ ತಡವರಿಸುವುದನ್ನು ನೋಡುತ್ತಾ ಕೂರುವುದು ಯಾರಿಗೂ ಬೇಡ.

ಅಪ್ಪ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಗದ್ದೆ ಇರುವವರು. ಅವರಿಗೆ ಅರ್ಥವಾಗುವ ಹಾಗೆ ಹೀಗೆ ಹೇಳಿದೆ: ಕನ್ನಂಬಾಡಿ ಕಟ್ಟೆಯಲ್ಲಿ 124 ಅಡಿ ನೀರಿರಬಹುದು, ನಾಲೆ ತುಂಬಿ ಹರಿಯುತ್ತಿರಬಹುದು, ಆದರೆ ನಿಮ್ಮ ಗದ್ದೆಯ ತೂಬು ಚಿಕ್ಕದಾದರೆ ಒಳಗೆ ಬರುವುದು ತೂಬಿನಷ್ಟೇ ನೀರು, ಅಲ್ವಾ? ಅವರು ತಕ್ಷಣ ಮಗನ ಕಡೆ ತಿರುಗಿ, "ನಿನ್ ಲಿಸ್ಟ್‌ನಲ್ಲಿ ತೂಬು ಯಾವ್ದ್ಲಾ?" ಎಂದರು. ನಾನು 4 ಜಿಬಿ ಕಾರ್ಡಿನ ಮೇಲೆ ಬೆರಳಿಟ್ಟೆ.

ಗೇಮ್ ಆಡುವಾಗ ಒಳಗೆ ನಡೆಯುವುದು ಇಷ್ಟೇ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು, ಬಾಗಿಲು ತೆರೆದಿದೆಯಾ ಎನ್ನುವ ಲೆಕ್ಕವನ್ನೆಲ್ಲ ಪ್ರೊಸೆಸರ್ ಮಾಡಿ, ಈ ಚಿತ್ರ ಬಿಡಿಸು ಎಂದು ಕಾರ್ಡಿಗೆ ಹೇಳುತ್ತದೆ. ಕಾರ್ಡ್ ಬಿಡಿಸುತ್ತದೆ. ಇಬ್ಬರಲ್ಲಿ ನಿಧಾನ ಯಾರೋ ಅವರ ವೇಗವೇ ನಿಮ್ಮ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಲೆಕ್ಕ. ಇನ್ನೊಬ್ಬರು ಕಾಯುತ್ತಾ ಕೂತಿರುತ್ತಾರೆ, ನೀವು ಅವರಿಗೆ ಕೊಟ್ಟ ದುಡ್ಡೂ ಕೂತಿರುತ್ತದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ತರಹದ ಗೇಮುಗಳಲ್ಲಿ ಚಿತ್ರ ಸರಳ, ಎಫ್‌ಪಿಎಸ್ ಜಾಸ್ತಿ ಬೇಕು, ಹಾಗಾಗಿ ಪ್ರೊಸೆಸರ್ ಮುಖ್ಯ. ಸೈಬರ್‌ಪಂಕ್ ತರಹದ್ದರಲ್ಲಿ ಬೆಳಕು, ನೆರಳು, ಮಳೆ, ಗಾಜು ಎಲ್ಲಾ ಬಿಡಿಸಬೇಕು, ಅಲ್ಲಿ ಕಾರ್ಡೇ ಸುಸ್ತಾಗುವುದು. ಅದಕ್ಕೇ 'ಯಾವ ಪ್ರೊಸೆಸರಿಗೆ ಯಾವ ಕಾರ್ಡ್ ಸರಿ' ಎನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಗೇಮ್ ಹೆಸರು ಹೇಳದೆ ಪಿಸಿ ಕೇಳಿದರೆ ನಾನು ಕೊಟೇಶನ್ ಬರೆಯುವುದೇ ಇಲ್ಲ.

ಎರಡೂ ತರಹದ್ದನ್ನು ಆಡುವವರಿಗೆ ನಾನು ಹಿಡಿಯುವ ಲೆಕ್ಕ ಹೀಗಿದೆ. ಬೆಲೆ ವಾರ ವಾರಕ್ಕೂ ಬದಲಾಗುತ್ತದೆ, ಹಾಗಾಗಿ ಪಾಲಿನಲ್ಲಿ ಹೇಳುತ್ತೇನೆ. ಕಾರ್ಡಿಗೆ ಶೇ 35ರಿಂದ 40. ಪ್ರೊಸೆಸರ್ ಮತ್ತು ಎಲ್ಲಾ ಪಾರ್ಟುಗಳನ್ನು ಜೋಡಿಸುವ ಬೋರ್ಡ್ ಎರಡೂ ಸೇರಿ ಶೇ 30 ದಾಟಬಾರದು. ಎಸ್‌ಎಂಪಿಎಸ್ ಮತ್ತು ಕ್ಯಾಬಿನೆಟ್‌ಗೆ ಶೇ 12ರ ಹತ್ತಿರ. ಉಳಿದಿದ್ದು ರ‍್ಯಾಮ್ ಮತ್ತು ಗೇಮ್, ಫೈಲ್ ಇಡುವ ಎಸ್‌ಎಸ್‌ಡಿಗೆ. ಈ ಕೊನೆಯ ಪಾಲು ಮೊದಲು ಚಿಕ್ಕದಿತ್ತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿತು, ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ರಾಶಿ ರಾಶಿ ಎತ್ತಿಕೊಳ್ಳುತ್ತಿರುವುದೇ ಕಾರಣ. ಇಂಥ ಸಮಯದಲ್ಲಿ ಗೇಮಿಗಾಗಿ ಮಾತ್ರ 32 ಜಿಬಿ ಹಾಕಿಸುವುದು ಬೇಡ, 16 ಸಾಕು. ಆದರೆ ಒಂದೇ 16 ಜಿಬಿಯ ಕಡ್ಡಿ ಬೇಡ, 8 ಜಿಬಿಯ ಎರಡು ತೆಗೆದುಕೊಳ್ಳಿ. ಎರಡಿದ್ದರೆ ಪ್ರೊಸೆಸರ್ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ, ವ್ಯಾಲರಂಟ್ ತರಹದ ಗೇಮಿನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡು ಮತ್ತು ನಾಲ್ಕನೆಯದಕ್ಕೆ ಹಾಕಬೇಕು.

ಆ ಹುಡುಗನಿಗೆ ಕೊನೆಗೆ ಬರೆದುಕೊಟ್ಟಿದ್ದು ಇದು: ರೈಜನ್ 5 5600, ಬಿ550 ಬೋರ್ಡ್, 8 ಜಿಬಿಯ ಆರ್‌ಎಕ್ಸ್ 6600 ಕಾರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, 550 ವ್ಯಾಟಿನ ಒಳ್ಳೆಯ ಎಸ್‌ಎಂಪಿಎಸ್, ಮುಂದೆ ಜಾಲರಿ ಇರುವ ಸಾದಾ ಕ್ಯಾಬಿನೆಟ್. 2022ರ ಪ್ರೊಸೆಸರ್, 2021ರ ಕಾರ್ಡ್, ಹಳೆಯದಾಯಿತಲ್ಲ ಎಂದು ಅವನ ಮುಖ ಸಪ್ಪೆಯಾಯಿತು. ಆದರೆ ಆರು ಕೋರ್, ಹನ್ನೆರಡು ಥ್ರೆಡ್ ಇದೆ, ಕೂಲರ್ ಡಬ್ಬದೊಳಗೇ ಬರುತ್ತದೆ, 1080ಪಿಗೆ ಇವೆರಡರಲ್ಲಿ ಯಾವುದೂ ಇನ್ನೊಂದಕ್ಕಾಗಿ ಬಹಳ ಹೊತ್ತು ಕಾಯುವುದಿಲ್ಲ. ಬೋರ್ಡ್ ಬಿ550 ಯಾಕೆ ಎಂದರೆ, ಈಗಿನ ಕಡಿಮೆ ಬೆಲೆಯ ಕಾರ್ಡುಗಳಲ್ಲಿ ಪಿಸಿಐಇ ದಾರಿಗಳು, ಅಂದರೆ ಕಾರ್ಡ್ ಮತ್ತು ಪ್ರೊಸೆಸರ್ ನಡುವೆ ಮಾಹಿತಿ ಓಡಾಡುವ ದಾರಿಗಳು, ಕಡಿಮೆ ಇರುತ್ತವೆ. ಆರ್‌ಎಕ್ಸ್ 6600ಕ್ಕೆ ಎಂಟು, 4 ಜಿಬಿಯ 6500 ಎಕ್ಸ್‌ಟಿಗೆ ಬರೀ ನಾಲ್ಕು. ಬಿ550ರಲ್ಲಿ ಈ ದಾರಿ ನಾಲ್ಕನೇ ತಲೆಮಾರಿನದು, ವೇಗ ಜಾಸ್ತಿ. ಹಳೆಯ ಮೂರನೇ ತಲೆಮಾರಿನ ಪಿಸಿಐಇ ಇರುವ ಬೋರ್ಡಿಗೆ 6500 ಎಕ್ಸ್‌ಟಿ ಹಾಕಿದರೆ ಕಾರ್ಡಿನ ಮೆಮೊರಿ ತುಂಬಿದ ತಕ್ಷಣ ಆಟ ಎಳೆಯಲು ಶುರುವಾಗುತ್ತದೆ. ಇದನ್ನು ಹೇಳದೆ ಮಾರುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಇನ್ನು ಮೂರ್ನಾಲ್ಕು ವರ್ಷ ಬಿಟ್ಟು ಪ್ರೊಸೆಸರ್ ಬದಲಾಯಿಸುವ ಯೋಚನೆ ಇದ್ದವರಿಗೆ ಮಾತ್ರ ಎಎಂ5 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೇಳುತ್ತೇನೆ. 2027 ಮತ್ತು ಅದರಾಚೆಗೂ ಅದನ್ನು ನಡೆಸುವುದಾಗಿ ರೈಜನ್ ಮಾಡುವ ಎಎಂಡಿ ಕಂಪನಿ ಹೇಳಿದೆ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು, ಈಗಿನ ಬೆಲೆಯಲ್ಲಿ ಅದು ಕಾರ್ಡಿನ ದುಡ್ಡನ್ನು ತಿಂದುಬಿಡುತ್ತದೆ.

ಈಗ ಎಸ್‌ಎಂಪಿಎಸ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನು ಕಂಡ ದೊಡ್ಡ ನಷ್ಟಗಳೆಲ್ಲ ಇಲ್ಲಿಂದಲೇ ಬಂದಿವೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬರಿಗೆ ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ಸನ್ನೇ ಹಾಕಿಕೊಟ್ಟಿದ್ದೆ. ಮೇಲೆ 500 ವ್ಯಾಟ್ ಎಂದು ಅಂಟಿಸಿದ್ದರು. ಎಂಟು ತಿಂಗಳಿಗೆ ಸುಟ್ಟುಹೋಯಿತು, ಹೋಗುವಾಗ ಬೋರ್ಡ್ ಮತ್ತು ಕಾರ್ಡ್ ಎರಡನ್ನೂ ತೆಗೆದುಕೊಂಡು ಹೋಯಿತು. ಆ ಮನೆಯವರು ಕಬ್ಬಿನ ದುಡ್ಡು ಬಂದಾಗ ಕೂಡಿಸಿ ಕೊಡಿಸಿದ್ದ ಪಿಸಿ ಅದು. ಅಂದಿನಿಂದ ಫ್ರೀ ಎಸ್‌ಎಂಪಿಎಸ್ ನನ್ನ ಕೈಯಿಂದ ಯಾವ ಪಿಸಿಗೂ ಹೋಗಿಲ್ಲ.

ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಬೇಡಿ, ಪಕ್ಕದ ಸ್ಟಿಕ್ಕರಿನಲ್ಲಿ 12 ವೋಲ್ಟ್ ಸಾಲು ನೋಡಿ. ಪ್ರೊಸೆಸರ್, ಕಾರ್ಡ್ ಎರಡೂ ಎಳೆಯುವುದು ಅದರಿಂದಲೇ. 550 ವ್ಯಾಟಿನ ಒಳ್ಳೆಯದರಲ್ಲಿ ಆ ಸಾಲಿನಲ್ಲೇ 500ಕ್ಕೂ ಹೆಚ್ಚು ವ್ಯಾಟ್ ಸಿಗುತ್ತದೆ. '80 ಪ್ಲಸ್ ಬ್ರಾಂಜ್' ಎನ್ನುವುದು ಕರೆಂಟ್ ಎಷ್ಟು ಕಡಿಮೆ ಪೋಲಾಗುತ್ತದೆ ಎನ್ನುವುದಕ್ಕೆ ಕೊಡುವ ಗುರುತು. ಒಳಗಿನ ಭಾಗಗಳು ಗಟ್ಟಿ ಎನ್ನುವುದಕ್ಕೆ ಅದೊಂದೇ ಸಾಕ್ಷಿಯಾಗುವುದಿಲ್ಲ, ಐದು ವರ್ಷದ ವಾರಂಟಿ ಇದೆಯಾ ಎಂದೂ ಕೇಳಿ. ಮೇಲೆ ಹೇಳಿದ ಪಿಸಿಯಲ್ಲಿ ಕಾರ್ಡ್ 132 ವ್ಯಾಟ್, ಪ್ರೊಸೆಸರ್ 65 ವ್ಯಾಟಿನದು, ಹಾಗಾಗಿ 550 ಧಾರಾಳ. 750 ಬೇಕೇ ಬೇಕು ಎನ್ನುವವರ ಮಾತು ಕೇಳಬೇಡಿ.

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಇಳಿಯುವುದನ್ನು ನೀವೇ ನೋಡಿರುತ್ತೀರಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮೈಸೂರಿನಲ್ಲೂ ಕರೆಂಟ್ ಹೋಗಿ ಬಂದು ಮಾಡುತ್ತದೆ. ಅದಕ್ಕೆ ಯುಪಿಎಸ್ ಬೇಕು. ಆದರೆ 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಅದು ಗೇಮ್ ಮುಗಿಸುವಷ್ಟು ಹೊತ್ತು ಬರುವುದಿಲ್ಲ, ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಬರುತ್ತದೆ. ಅರ್ಥಿಂಗ್ ಕೂಡ ಒಮ್ಮೆ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಹಳೆಯ ಮನೆಗಳಿಂದ ಎಷ್ಟೋ ಜನ ಫೋನ್ ಮಾಡುತ್ತಾರೆ, ಹೋಗಿ ನೋಡಿದರೆ ಮೂರನೇ ಪಿನ್ನಿಗೆ ತಂತಿಯೇ ಇರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಪ್ರೊಸೆಸರ್, ರ‍್ಯಾಮ್ ಹಳೆಯದು ತೆಗೆದುಕೊಳ್ಳಲು ನಾನು ಹೆದರುವುದಿಲ್ಲ. ಕಾರ್ಡ್ ಆದರೆ ನನ್ನ ಎದುರಿಗೇ ಅರ್ಧ ಗಂಟೆ ಭಾರದ ಗೇಮ್ ಓಡಿಸಿ, ಬಿಸಿ ಎಷ್ಟಾಗುತ್ತದೆ, ಫ್ಯಾನ್ ಹೇಗೆ ಸದ್ದು ಮಾಡುತ್ತದೆ ನೋಡಿಯೇ ದುಡ್ಡು ಕೊಡಿಸುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೋ ಕರೆನ್ಸಿ ತನ್ನ ಪದ್ಧತಿ ಬದಲಿಸಿ, ಕಾರ್ಡುಗಳಿಂದ ಅದನ್ನು ಗಳಿಸುವ ಮೈನಿಂಗ್ ನಿಂತ ಮೇಲೆ, ಹಗಲು ರಾತ್ರಿ ದುಡಿದ ಎಷ್ಟೋ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ತರುವವರು ಬಿಲ್ ಇಲ್ಲದೆ ತರಬೇಡಿ, ಬಿಲ್ ಇಲ್ಲದಿದ್ದರೆ ವಾರಂಟಿಗೆ ಓಡಾಡುವುದು ನೀವೇ. ಹಾಗೆಯೇ ಆಫೀಸಿನಿಂದ ತೆಗೆದುಹಾಕಿದ 6ನೇ, 7ನೇ ತಲೆಮಾರಿನ ಇಂಟೆಲ್ ಪಿಸಿಗೆ ಕಾರ್ಡ್ ಹಾಕಿ ಗೇಮಿಂಗ್ ಪಿಸಿ ಎಂದು ಮಾರುತ್ತಾರೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ರ ಪಟ್ಟಿಯಲ್ಲಿ ಆ ಪ್ರೊಸೆಸರುಗಳು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎನ್ನುವ ಎರಡು ಭದ್ರತಾ ಸೌಲಭ್ಯಗಳೂ ಬೇಕು. ಕೊಳ್ಳುವ ಮುಂಚೆ ಇದನ್ನು ಕೇಳಿ.

ಬಜೆಟ್ ಇನ್ನೂ ಕಡಿಮೆ ಇದ್ದರೆ? ಆಗ ಕೆಟ್ಟ ಕಾರ್ಡ್ ಕೊಳ್ಳುವುದಕ್ಕಿಂತ ಕಾರ್ಡೇ ಇಲ್ಲದೆ ಶುರು ಮಾಡಿ. ರೈಜನ್ 5 5600ಜಿ ಒಳಗೇ ಗ್ರಾಫಿಕ್ಸ್ ಇದೆ, ವ್ಯಾಲರಂಟ್ ಆರಾಮಾಗಿ ಓಡುತ್ತದೆ. ಅದು ರ‍್ಯಾಮನ್ನೇ ತನ್ನ ಮೆಮೊರಿ ಮಾಡಿಕೊಳ್ಳುವುದರಿಂದ ಎರಡು ಕಡ್ಡಿ ಇರಲೇಬೇಕು. ಎಸ್‌ಎಂಪಿಎಸ್ ಮಾತ್ರ ಮೊದಲ ದಿನವೇ ಒಳ್ಳೆಯದು ಹಾಕಿಸಿ, ಆಮೇಲೆ ದುಡ್ಡು ಕೂಡಿದಾಗ ಕಾರ್ಡ್ ಸೇರಿಸಿದರೆ ಆಯಿತು.

ಈಗಾಗಲೇ ಪಿಸಿ ಇದ್ದು ಯಾವುದನ್ನು ಬದಲಾಯಿಸಬೇಕು ಎಂದು ಗೊತ್ತಾಗದವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನೀವು ಜಾಸ್ತಿ ಆಡುವ ಗೇಮಿನಲ್ಲಿ ಗ್ರಾಫಿಕ್ಸ್ ಸೆಟ್ಟಿಂಗ್ ಮತ್ತು ರೆಸಲ್ಯೂಶನ್ ಎರಡನ್ನೂ ಪೂರ್ತಿ ಇಳಿಸಿ. ಎಫ್‌ಪಿಎಸ್ ಜೋರಾಗಿ ಏರಿದರೆ ಕಾರ್ಡ್ ಸಾಲುತ್ತಿಲ್ಲ ಎಂದರ್ಥ. ಅಲುಗಾಡದೆ ಇದ್ದಷ್ಟೇ ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಿ. ಈ ಹತ್ತು ನಿಮಿಷದ ಕೆಲಸದಿಂದ ಇಪ್ಪತ್ತು ಸಾವಿರದ ತಪ್ಪು ಖರೀದಿ ತಪ್ಪಿದ್ದನ್ನು ನಾನೇ ನೋಡಿದ್ದೇನೆ.

ಪಿಸಿ ಕಟ್ಟಿ ಮುಗಿಸಿದ ದಿನ ಅಪ್ಪ ಮತ್ತೆ ಬಂದಿದ್ದರು. "ಇದ್ರಲ್ಲಿ ಓದೋದೂ ಆಯ್ತದಾ ಸಾ?" ಎಂದು ಕೇಳಿದರು. ಧಾರಾಳವಾಗಿ ಆಗುತ್ತದೆ, ಕಾಲೇಜಿನ ಪ್ರೋಗ್ರಾಮಿಂಗ್, ಪ್ರಾಜೆಕ್ಟ್ ಎಲ್ಲದಕ್ಕೂ ಇದು ಸಾಕು ಎಂದೆ. ನಾಲ್ಕು ದಿನ ಬಿಟ್ಟು ಹುಡುಗ ಫೋನ್ ಮಾಡಿದ, ಗೇಮಿನಲ್ಲಿ ಎಫ್‌ಪಿಎಸ್ 180 ತೋರಿಸುತ್ತದೆ, ಆದರೆ ಗೆಳೆಯನ ಪಿಸಿಯಷ್ಟು ನಯವಾಗಿ ಕಾಣುತ್ತಿಲ್ಲ ಎಂದ. ಅಂಗಡಿಯಲ್ಲಿ ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ, ರ‍್ಯಾಮನ್ನು ಪೂರ್ತಿ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್ ಮಾಡಿ ಕಳಿಸಿದ್ದೆ, ಇಲ್ಲದಿದ್ದರೆ 3200ರ ರ‍್ಯಾಮ್ 2400ರ ಆಸುಪಾಸಿನಲ್ಲೇ ಓಡುತ್ತಿರುತ್ತದೆ. ಮಾನಿಟರ್ ಕೇಬಲ್ ಬೋರ್ಡಿಗೆ ಹಾಕದೆ ಕಾರ್ಡಿಗೇ ಹಾಕು ಎಂದೂ ಹೇಳಿದ್ದೆ. ಉಳಿದಿದ್ದು ಒಂದೇ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗು, ರಿಫ್ರೆಶ್ ರೇಟ್ ಎಷ್ಟಿದೆ ಓದಿ ಹೇಳು ಎಂದೆ.

"60 ಅಂತಿದೆ ಸಾರ್."

144 ಮಾಡು ಎಂದೆ. ಎರಡು ಕ್ಷಣ ಬಿಟ್ಟು ಆ ಕಡೆಯಿಂದ, "ಅಪ್ಪಾ, ಬಾ ಇಲ್ಲಿ, ಇದ್ನ ನೋಡು!" ಎಂದು ಕೂಗಿದ್ದು ಕೇಳಿಸಿತು.