ಪಾಸ್‌ವರ್ಡ್ ಸರಿ ಐತ್ರಿ, ಆದ್ರೂ ಆಗವಲ್ದು

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಾಲೇಜಿನ ನೆಟ್‌ವರ್ಕ್ ರೂಮಿನ ಮುಂದೆ ಹೊಸ ಹುಡುಗರ ಸಾಲು ಶುರುವಾಗುತ್ತದೆ. ಒದ್ದೆ ಛತ್ರಿ ಬಾಗಿಲಿಗೆ ಒರಗಿಸಿ ಎಲ್ಲರೂ ಹೇಳುವುದು ಒಂದೇ ಮಾತು: "ಸರ, ಪಾಸ್‌ವರ್ಡ್ ಕರೆಕ್ಟ್ ಐತ್ರಿ. ಆದ್ರೂ ವೈಫೈ ಕನೆಕ್ಟ್ ಆಗವಲ್ದು." ಸುಳ್ಳಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ. ತಕರಾರು ಬಹಳ ಸಲ ಆಪರೇಟಿಂಗ್ ಸಿಸ್ಟಮ್‌ನದ್ದು.

ಮನೆಯ ವೈಫೈಗೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಕಾಲೇಜು, ಆಫೀಸುಗಳಲ್ಲಿ ತಲೆಗೊಂದು ಐಡಿ, ತಲೆಗೊಂದು ಪಾಸ್‌ವರ್ಡ್. ಇದರ ಹಿಂದಿರುವುದು 2001ರಲ್ಲಿ ಬಂದ 802.1ಎಕ್ಸ್ ಎಂಬ ಮಾನದಂಡ. ಗೋಡೆಯ ಮೇಲೆ ಮಿಣುಕುವ ಬಿಳಿ ಡಬ್ಬಿ ಇಲ್ಲಿ ಬರೀ ವಾಚ್‌ಮನ್. ಒಳಗೆ ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ರೇಡಿಯಸ್ ಸರ್ವರ್. ಅದರ ಜೊತೆ ಮಾತಾಡುವ ಭಾಷೆ ಫೋನಿಗೂ ಲ್ಯಾಪ್‌ಟಾಪ್‌ಗೂ ಬರಬೇಕಲ್ವಾ? ತೊಂದರೆ ಏನೆಂದರೆ, ಈ ಭಾಷೆಗಳು ಒಂದೆರಡಲ್ಲ.

ಅವುಗಳಲ್ಲಿ ಒಂದಾದ ಇಎಪಿ-ಟಿಟಿಎಲ್‌ಎಸ್ ಅನ್ನೇ ನೋಡಿ. ಪಾಸ್‌ವರ್ಡ್‌ಗಳನ್ನು ಗಟ್ಟಿಯಾಗಿ ಹ್ಯಾಶ್ ಮಾಡಿ, ಅಂದರೆ ತಿರುಗಿ ಓದಲಾಗದಂತೆ ಕಲಸಿ ಇಡುವ ಸಂಸ್ಥೆಗಳಿಗೆ ಇದು ಅನುಕೂಲ. ಆದರೆ ವಿಂಡೋಸ್ ಇದನ್ನು ತಾನಾಗಿ ಕಲಿತದ್ದು 2012ರಲ್ಲಿ, ವಿಂಡೋಸ್ 8 ಬಂದಾಗ. ವಿಂಡೋಸ್ 7 ಇದ್ದವರು ಬೇರೆ ಕಡೆಯ ಸಾಫ್ಟ್‌ವೇರ್ ಹಾಕಿಕೊಳ್ಳಬೇಕಿತ್ತು. ವಿಂಡೋಸ್ ಎಕ್ಸ್‌ಪಿಯ ಕಥೆ ಇನ್ನೂ ಹಿಂದಿನದು. ಅದು ಬಿಡುಗಡೆಯಾದ 2001ರಲ್ಲೇ ಆಗಿನ ವೈಫೈ ಬೀಗ ವೆಪ್ ಎಷ್ಟು ದುರ್ಬಲ ಅಂತ ಸಂಶೋಧಕರು ತೋರಿಸಿಕೊಟ್ಟರು. ಅದರ ಜಾಗಕ್ಕೆ ಡಬ್ಲ್ಯೂಪಿಎ2 ಬಂದದ್ದು 2004ರಲ್ಲಿ. ಅದು ಎಕ್ಸ್‌ಪಿಗೆ ಸಿಕ್ಕಿದ್ದು ಆಮೇಲಿನ ಅಪ್‌ಡೇಟ್‌ಗಳಲ್ಲಿ. ಅಪ್‌ಡೇಟ್ ಹಾಕದವನು ಹೊರಗೇ ಉಳಿದ.

ಕನೆಕ್ಟ್ ಆಗದ ಫೋನು ಸುಮ್ನೆ ತಲೆನೋವು, ಅಷ್ಟೇ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಒಂದೂ ಪ್ರಶ್ನೆ ಕೇಳದೆ ಪಟ್ಟನೆ ಕನೆಕ್ಟ್ ಆಗುವ ಹಳೇ ಫೋನು.

ವೈಫೈ ಹೆಸರು ಅನ್ನುವುದು ಅಂಗಡಿಯ ಬೋರ್ಡ್ ಇದ್ದಂತೆ. ಪೇಡಾ ಕೊಳ್ಳಲು ಬಂದ ಹೊಸಬ ಬೋರ್ಡ್ ಓದಿ ಒಳಗೆ ಹೋಗುತ್ತಾನೆ. ಅದೇ ಹೆಸರಿನ ಬೋರ್ಡನ್ನು ಪಕ್ಕದ ಓಣಿಯಲ್ಲಿ ಇನ್ನೊಬ್ಬ ತೂಗುಹಾಕಿದರೆ ಅವನಿಗೆ ಹೇಗೆ ಗೊತ್ತಾಗಬೇಕು? ಯಾರಾದರೂ ಬ್ಯಾಗಿನಲ್ಲಿ ಸಣ್ಣ ರೌಟರ್ ಇಟ್ಟುಕೊಂಡು, ನಮ್ಮ ಕಾಲೇಜಿನ ವೈಫೈ ಹೆಸರನ್ನೇ ಅದಕ್ಕೆ ಕೊಟ್ಟು, ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಾ ಕೂರಬಹುದು. ಇದಕ್ಕಾಗಿಯೇ ಸರ್ವರ್ ತನ್ನ ಸರ್ಟಿಫಿಕೇಟ್, ಅಂದರೆ ಡಿಜಿಟಲ್ ಗುರುತಿನ ಚೀಟಿ ತೋರಿಸುತ್ತದೆ. ಅದನ್ನು ನೋಡಿ, ಸರಿ ಇದ್ದರೆ ಮಾತ್ರ ಪಾಸ್‌ವರ್ಡಿನ ಮಾತು ಎತ್ತುವುದು ಫೋನಿನ ಕೆಲಸ.

ಹಳೇ ಆಂಡ್ರಾಯ್ಡ್‌ನಲ್ಲಿ ಈ ಜಾಗದಲ್ಲಿ 'ಡು ನಾಟ್ ವ್ಯಾಲಿಡೇಟ್' ಎಂಬ ಆಯ್ಕೆ ಇತ್ತು. ಅಂದರೆ, ನೋಡಲೇಬೇಡ. ಎಷ್ಟೋ ಕಡೆ ವೈಫೈ ಸೂಚನೆಯ ಹಾಳೆಯಲ್ಲೇ ಅದನ್ನು ಒತ್ತಿ ಎಂದು ಬರೆದಿರುತ್ತಿದ್ದರು. ನಾನೂ ಬರೆದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಸಾಲು ಬೇಗ ಕರಗುತ್ತಿತ್ತು.

ಅದರ ಬೆಲೆ ಎಷ್ಟು ಅನ್ನುವುದು 2012ರಲ್ಲಿ ಗೊತ್ತಾಯಿತು. ಇಂಥ ವೈಫೈಗಳಲ್ಲಿ ಪಾಸ್‌ವರ್ಡ್ ಪರೀಕ್ಷಿಸಲು ಹೆಚ್ಚಾಗಿ ಬಳಸುವುದು ಎಂಎಸ್-ಚಾಪ್ ಎಂಬ ವಿಧಾನದ ಎರಡನೇ ಆವೃತ್ತಿ. ಅಮೆರಿಕದ ಡೆಫ್‌ಕಾನ್ ಎಂಬ ಹ್ಯಾಕರ್‌ಗಳ ಸಮ್ಮೇಳನದಲ್ಲಿ ಭದ್ರತಾ ಸಂಶೋಧಕರಾದ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಅದನ್ನು ಬಿಡಿಸಿ ತೋರಿಸಿದರು. ಪಾಸ್‌ವರ್ಡ್ ಎಷ್ಟೇ ಉದ್ದ ಇರಲಿ, ಅದನ್ನು ಮುರಿಯುವ ಶ್ರಮ ಡಿಇಎಸ್ ಎಂಬ ಹಳೇ ಗೂಢಲಿಪಿಯ 56 ಬಿಟ್‌ನ ಒಂದೇ ಒಂದು ಕೀಲಿ ಹುಡುಕುವಷ್ಟಕ್ಕೆ ಇಳಿಯುತ್ತದೆ. ಅದಕ್ಕೆಂದೇ ಕಟ್ಟಿದ ಯಂತ್ರಕ್ಕೆ ಒಂದು ದಿನ ಸಾಕು. ಪಾಸ್‌ವರ್ಡ್ ಪರೀಕ್ಷೆಯ ಈ ಮಾತುಕತೆಯನ್ನು ಕಳ್ಳರಿಂದ ಮರೆಮಾಡುವುದು ಅದರ ಸುತ್ತಲಿನ ಟಿಎಲ್‌ಎಸ್ ಸುರಂಗ, ಅಂದರೆ ಫೋನಿಗೂ ಸರ್ವರ್‌ಗೂ ನಡುವಿನ ಗೂಢಲಿಪಿಯ ಸಂಪರ್ಕ. ಸರ್ಟಿಫಿಕೇಟ್ ನೋಡದ ಫೋನು ಕಳ್ಳನ ಜೊತೆಗೇ ಸುರಂಗ ತೋಡಿಕೊಂಡರೆ ಏನು ಉಳಿಯಿತು?

2020ರ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳ ಆಂಡ್ರಾಯ್ಡ್ 11ರಿಂದ ಆ ಆಯ್ಕೆಯನ್ನೇ ಕಿತ್ತುಹಾಕಿತು. ನಿರ್ಧಾರ ಸರಿ. ನಮ್ಮ ಸಾಲು ಮಾತ್ರ ಉದ್ದವಾಯಿತು. ಈಗ ಸರ್ಟಿಫಿಕೇಟ್ ಆರಿಸಬೇಕು, 'ಡೊಮೇನ್' ಅನ್ನುವ ಖಾಲಿ ಜಾಗದಲ್ಲಿ ಸರ್ವರ್‌ನ ಹೆಸರು ತುಂಬಬೇಕು. ಮೊದಲ ವರ್ಷದ ಹುಡುಗನಿಗೆ ಡೊಮೇನ್ ಎಲ್ಲಿಂದ ಗೊತ್ತಿರಬೇಕು! ಆಂಡ್ರಾಯ್ಡ್ 13ರಲ್ಲಿ ಒಂದು ನಡುದಾರಿ ಬಂತು: ಮೊದಲ ಸಲ ಸರ್ಟಿಫಿಕೇಟ್ ತೋರಿಸಿ ಒಪ್ಪಿಗೆ ಕೇಳುತ್ತದೆ, ಆಮೇಲೆ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ಮೊದಲ ಸಲವೇ ಕಳ್ಳ ಸಿಕ್ಕರೆ ಮುಗೀತು, ಆದರೂ ಹಿಂದಿನದಕ್ಕಿಂತ ಎಷ್ಟೋ ವಾಸಿ.

ಡಬ್ಲ್ಯೂಪಿಎ2ರ ನಂತರದ ಹೊಸ ಬೀಗ ಡಬ್ಲ್ಯೂಪಿಎ3ಗೂ ಇದೇ ಹಣೆಬರಹ. ಆಂಡ್ರಾಯ್ಡ್ 10 ಮತ್ತು ಐಓಎಸ್ 13ಕ್ಕಿಂತ ಹಿಂದಿನವಕ್ಕೆ ಅದು ಗೊತ್ತಿಲ್ಲ. ಹಾಗಾಗಿ ರೌಟರ್‌ಗಳು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಸಂಭಾಳಿಸುತ್ತವೆ.

ನಮ್ಮ ಲ್ಯಾಬಿನ ಮೂಲೆಯಲ್ಲಿ ಎಕ್ಸ್‌ಪಿ ಇರುವ ಒಂದು ಡಬ್ಬಿ ಈಗಲೂ ಇದೆ. ಮೈಕ್ರೋಸಾಫ್ಟ್ 2014ರಲ್ಲೇ ಅದರ ಕೈಬಿಟ್ಟಿದೆ, ಆದರೆ ಪಕ್ಕದ ಅಳತೆ ಯಂತ್ರದ ಸಾಫ್ಟ್‌ವೇರ್ ಬೇರೆ ಯಾವುದರ ಮೇಲೂ ಓಡುವುದಿಲ್ಲ. ಅದಕ್ಕೆ ವೈಫೈ ಇಲ್ಲ, ಕೇಬಲ್ಲೂ ಇಲ್ಲ. ಲ್ಯಾಬಿನ ಹುಡುಗ ದಿನಾ ಸಂಜೆ ಪೆನ್‌ಡ್ರೈವ್ ಹಿಡಿದು ಅದರ ಮುಂದೆ ಹೋಗಿ ಕೂರುತ್ತಾನೆ.